ಆನೆ ಈದ ಗುಡ್ಡ

ಸಂಗಳಗಿಯಿಂದ ಬಡಗಣ ದಿಕ್ಕಿಗೆ ಅರ್ಧ ಹರದಾರಿ ನಡೆದರೆ ಎರೆಹೊಲಗಳ ನಟ್ಟನಡುವೆ ಒಂದು ಗುಡ್ಡ ಸಿಗುತ್ತದೆ. ಗುಡ್ಡವೆಂದರೆ ಎಂಥ ಗುಡ್ಡ! ಏಳು ಊರಿನ ಜನ ತಮ್ಮ ತಮ್ಮ ಅಂಗಳದಲ್ಲಿ ನಿಂತು ನೋಡಿದರೂ ಅದು ತಮ್ಮ ಕಡೆಗೇ ಮುಖ ಮಾಡಿ ಕೂತಿದೆ ಅನ್ನಿಸಬೇಕು, ಅಂಥದ್ದು. ಅದರ ಸೊಂಟದ ಮಟ್ಟದಲ್ಲಿ, ಬಂಡೆಯನ್ನೇ ಬೋಗುಣಿ ಮಾಡಿದಂತೆ ಒಂದು ಮಡು. ಆ ಮಡು ಬತ್ತಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಮಡುವಿನ ಸುತ್ತಲೂ, ಇಳಿಜಾರಿನ ಉದ್ದಕ್ಕೂ, ಆಳೆತ್ತರದ ನೀಲಿ ಗಿಡ. ಹೆಸರಷ್ಟೇ ನೀಲಿ. ಎಲೆ ಹಸಿರು, ಹೂವು ನಸುಗೆಂಪು, ಕಾಯಿ ನೋಡಿದರೆ ಹೆಸರುಕಾಯಿಯ ತಮ್ಮನಂತೆ ಸಣ್ಣದು. ಮಳೆಗಾಲ ಮುಗಿಯುವಾಗ ಅದರೊಳಗೆ ಹೊಕ್ಕ ಎತ್ತು ಕಾಣುವುದಿಲ್ಲ. ಮಾಘ ಕಳೆಯುವ ಹೊತ್ತಿಗೆ ಒಂದೆಲೆಯೂ ಉಳಿಯದೆ ಗುಡ್ಡಕ್ಕೆ ಗುಡ್ಡವೇ ಬೋಳಾಗುತ್ತದೆ. ಇದಕ್ಕೆ ಆನೆ ಈದ ಗುಡ್ಡ ಎಂದು ಹೆಸರು. ರಸ್ತೆಬದಿಯ ಕಲ್ಲಿನ ಮೇಲೂ ಹಾಗೇ ಬರೆದಿದೆ, ಬಸ್ಸಿನ ಕಂಡಕ್ಟರನೂ ಹಾಗೇ ಕೂಗುತ್ತಾನೆ. ಹೊರಗಿನಿಂದ ಬಂದ ಓದಿದವರು ಮೂಗು ಮುರಿಯುತ್ತಾರೆ: ಈ ಬಯಲುಸೀಮೆಗೆ ಆನೆ ಎಲ್ಲಿಂದ ಬರಬೇಕು, ಬಂದರೂ ಈ ಬಿಸಿಲಿನಲ್ಲಿ ಯಾಕೆ ಈಯಬೇಕು? ಕೇಳುವುದು ಸರಿಯೇ. ಆನೆ ಬಂದಿರಲಿಲ್ಲ. ಆದರೂ ಈದಿತು.

ಹಿಂದೆ ಒಮ್ಮೆ, ನಾಡಗೌಡರು ಆಳುತ್ತಿದ್ದ ಕಾಲದಲ್ಲಿ, ಸಂಗಳಗಿಯಲ್ಲಿ ಒಂಬತ್ತು ಮನೆಗಳ ನೀಲಗಾರರ ಕೇರಿ ಇತ್ತು. ಬಟ್ಟೆಗೆ ನೀಲಿ ಬಣ್ಣ ಕಟ್ಟುವುದು ಅವರ ಕಸುಬು. ಅವರು ಅದ್ದಿದ ಸೀರೆ ಹರಿದು ಚಿಂದಿಯಾಗಿ, ಚಿಂದಿ ಕೌದಿಯಾಗಿ, ಕೌದಿ ಮಣ್ಣಾದರೂ ಆ ಮಣ್ಣಿನಲ್ಲಿ ನೀಲಿ ಉಳಿಯುತ್ತಿತ್ತು ಎನ್ನುತ್ತಾರೆ. ಕೇರಿಯ ನಡುಮನೆ ಅಡಿವೆಪ್ಪನದು. ಆ ಮನೆಯ ಪಡಸಾಲೆಯಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಒಂದು ಗುಡಾಣ. ಆಳು ಇಳಿದರೆ ಜುಟ್ಟೂ ಕಾಣದಷ್ಟು ಆಳ. ಏಳು ತಲೆಮಾರಿನಿಂದ ಅದನ್ನು ಪೂರ್ತಿ ಬರಿದು ಮಾಡಿದವರಿಲ್ಲ. ನೀಲಿ ಎಲೆಯ ಬಿಲ್ಲೆ, ಸುಣ್ಣ, ಬೆಲ್ಲ, ಬೇಯಿಸಿದ ತಗಚಿ ಬೀಜ ಹಾಕಿ, ಗುಡ್ಡದ ಮಡುವಿನ ನೀರು ಹೊಯ್ದು ಕದಡುತ್ತ ಹೋದರೆ ಅದು ಹುಳಿತು ಜೀವ ಹಿಡಿಯುತ್ತಿತ್ತು. ಉಳಿದ ಎಂಟು ಮನೆಯವರು ಹೆಪ್ಪಿಗೆಂದು ಇಲ್ಲಿಂದಲೇ ಒಂದೊಂದು ತಂಬಿಗೆ ಒಯ್ಯಬೇಕು. ಜೀವ ಇರುವ ಗುಡಾಣದ ನೀರು ಹಳದಿ ಬೆರೆತ ಹಸಿರು, ಮೇಲೆ ತಾಮ್ರದ ಬಣ್ಣದ ಕೆನೆ. ಬಟ್ಟೆ ಅದ್ದಿ ಎತ್ತಿದರೆ ಹಸಿರಾಗಿ ಬಂದು, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಯಾಗುತ್ತಿತ್ತು. ಆದರೆ ಗುಡಾಣಕ್ಕೆ ಮುನಿಸು ಜಾಸ್ತಿ. ಒಮ್ಮೊಮ್ಮೆ ಕಾರಣವಿಲ್ಲದೆ ಕೆನೆ ಒಡೆದು, ನೀರು ಬೂದಿಬೂದಿಯಾಗಿ, ಬಟ್ಟೆಗೆ ಬಣ್ಣ ಹತ್ತುತ್ತಿರಲಿಲ್ಲ. ಆಗ ಬೆಲ್ಲ ಸುರಿದರೂ ಅಷ್ಟೇ, ಸುಣ್ಣ ಸುರಿದರೂ ಅಷ್ಟೇ. ನೀಲಗಾರರಿಗೆ ಗೊತ್ತಿದ್ದ ಮದ್ದು ಒಂದೇ: ಊರಿಗೆ ಒಂದು ಸುಳ್ಳು ಬಿಡಬೇಕು. ಗುಡಾಣ ಕದಡುವ ಕೈ ಯಾರದೋ, ಸುಳ್ಳು ಬಿಡುವ ಬಾಯಿಯೂ ಅವರದೇ ಇರಬೇಕು. ಆ ಸುಳ್ಳು ಕೇರಿ ದಾಟಿ, ಊರು ದಾಟಿ, ಅದು ಎಲ್ಲಿ ಹುಟ್ಟಿತೆಂದು ತಿಳಿಯದ ಪರವೂರಿನವನ ಬಾಯಲ್ಲಿ ಮರಳಿ ಅದೇ ಮನೆಯ ಬಾಗಿಲಿಗೆ ಬರಬೇಕು. ಬಂದ ದಿನ ಗುಡಾಣ ತಿರುಗುತ್ತದೆ, ಸತ್ತ ನೀರಿಗೆ ಮತ್ತೆ ಜೀವ ಬರುತ್ತದೆ.

ಅಡಿವೆಪ್ಪನ ಬಾಯಿಗೆ ಸರಿಸಾಟಿಯಾದ ಬಾಯಿ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಒಂದು ವರ್ಷ ಅವನು ಬಿಟ್ಟ ಸುಳ್ಳಿಗೆ ಮೂರು ಊರಿನ ಹೆಂಗಸರು ಕೊಡ ಹೊತ್ತು ಬಂದು, ಹಾಳುಬಾವಿಯಲ್ಲಿ ಬೆಲ್ಲದ ಪಾನಕ ಸೇದಲು ಜಗಳವಾಡಿದರು. ಇನ್ನೊಂದು ವರ್ಷ ಗುಡಿಯ ಕಲ್ಲುಬಸವ ಕಡಲೆ ಹೊಲಕ್ಕೆ ಬಿದ್ದಿದೆಯೆಂದು ಒಬ್ಬ ಒಕ್ಕಲಿಗ ಬಡಿಗೆ ಹಿಡಿದು ಗುಡಿಗೇ ಬಂದ. ಅಂಥ ಅಡಿವೆಪ್ಪನಿಗೆ ಆ ವರ್ಷ ಮಾನೌಮಿಯ ದಿನ ಲಕ್ವ ಹೊಡೆಯಿತು. ಬಲಗಡೆಯ ಮೈ ಬಿತ್ತು, ನಾಲಗೆಯೂ ಬಿತ್ತು. ಮಗ ಈರಪ್ಪ ಎತ್ತುಗಳ ಮೇಲೆ ಬಟ್ಟೆಯ ಹೇರು ಹೊರಿಸಿಕೊಂಡು ವ್ಯಾಪಾರಕ್ಕೆ ಹೋದವನು ಯುಗಾದಿಗೇ ಮರಳುವುದು. ಹೆಂಡತಿ ಯಮನವ್ವನ ಭುಜ ಎಂದೋ ಸತ್ತಿತ್ತು. ಗುಡಾಣ ಕದಡುವ ಕೋಲು ಸೊಸೆ ಬಾಳವ್ವನ ಕೈಗೆ ಬಂತು.

ಈ ಬಾಳವ್ವ ಕೆಂಚರಹಾಳದ ಹುಡುಗಿ. ಆಕೆಯ ತವರಿನವರೂ ನೀಲಗಾರರೇ, ಆದರೆ ಆ ಮನೆತನಕ್ಕೆ ಸೀಮೆ ನಡೆಯುವ ಹಕ್ಕಿತ್ತು. ಎರಡು ಊರುಗಳಿಗೆ ಗಡಿಯ ಜಗಳ ಹತ್ತಿದಾಗ ಆಕೆಯ ಅಪ್ಪ ಮಿಂದು, ಒದ್ದೆ ಬಟ್ಟೆಯಲ್ಲಿ, ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆದು ತೋರಿಸಬೇಕು. ಅವನು ನಡೆದದ್ದೇ ಗಡಿ. ಸುಳ್ಳು ನಡೆದರೆ ಹೊತ್ತ ಮಣ್ಣು ಆ ಮನೆಯನ್ನೇ ನುಂಗುತ್ತದೆ ಎಂದು ನಂಬಿಕೆ. ಹೀಗಾಗಿ ಆ ಮನೆಯ ಮಕ್ಕಳು ತೊಟ್ಟಿಲಲ್ಲಿ ಕೂಡ ಸುಳ್ಳು ಅಳು ಅತ್ತವರಲ್ಲ ಎನ್ನುತ್ತಾರೆ. ಅವರ ಗುಡಾಣ ಕೆಟ್ಟರೆ ಕೋಲು ಹಿಡಿಯಲು, ಸುಳ್ಳು ಬಿಡಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದರಂತೆ! ಬಾಳವ್ವನ ಕೈಗೆ ಕೋಲು ಬಂದು ವಾರವಾಗುವಷ್ಟರಲ್ಲಿ, ಸೀಗಿ ಹುಣ್ಣಿಮೆಯ ದಿನ, ಕೆನೆ ಒಡೆಯಿತು. ಅದ್ದಿದ ಬಟ್ಟೆ ನೆಲ ಒರೆಸಿದ ಅರಿವೆಯಂತೆ ಮೇಲೆ ಬಂತು.

ಯಮನವ್ವ ಬಗ್ಗಿ ಗುಡಾಣ ಮೂಸಿದಳು. ಸೊಸೆಯನ್ನು ನೋಡಿದಳು.

"ನಮ್ಮತ್ತಿ ಕೈಯಾಗ ಇಷ್ಟು ಲಗೂ ಕೆಡಲಿಲ್ಲ, ನನ್ನ ಕೈಯಾಗ ಕೆಡಲಿಲ್ಲ. ನೀ ಕೋಲು ಹಿಡದು ವಾರ ಆಗಿಲ್ಲ, ಹೆಣಾ ಆತು. ದೀವಳಿಗಿ ಅಮಾಸಿ ತನಕ ನೋಡ್ತೀನಿ. ತಿರುಗಿದ್ರ ನೀ ಈ ಮನಿ ಸೊಸಿ. ಇಲ್ಲಂದ್ರ ಗಂಟು ಕಟ್ಟು, ತವರಿಗೆ ನಡಿ."

"ನನಗ ಸುಳ್ಳು ಹೇಳಾಕ ಬರೂದಿಲ್ಲ ಅತ್ತಿ."

"ಬರೂದಿಲ್ಲ! ಉಂಡಿದ್ರ ಉಂಡಿಲ್ಲ ಅನ್ನು, ಕಂಡಿದ್ರ ಕಂಡಿಲ್ಲ ಅನ್ನು. ಲೋಕಾನ ಅದರ ಮ್ಯಾಲ ನಡದೈತಿ, ಈಕಿಗೆ ಮಾತ್ರ ಬರೂದಿಲ್ಲಂತ!"

ಅಂದಿನಿಂದ ಬಾಳವ್ವನ ಕಾಲು ಒಂದೆಡೆ ನಿಲ್ಲಲಿಲ್ಲ. ಕೂತರೆ ಏಳಬೇಕು, ಎದ್ದರೆ ಗುಡಾಣದ ಬಾಯಿಗೆ ಹೋಗಿ ಇಣುಕಬೇಕು. ರೊಟ್ಟಿ ಬಡಿಯುತ್ತ ಬಡಿಯುತ್ತ ಸುಳ್ಳು ಹುಡುಕುವಳು. ರೊಟ್ಟಿ ಹರಿಯುವುದು, ಸುಳ್ಳು ಸಿಗದು. ಮೂರನೆಯ ದಿನ ಬಾವಿಕಟ್ಟೆಯಲ್ಲಿ ಧೈರ್ಯ ಮಾಡಿ, ನಮ್ಮ ಆಕಳು ಇವತ್ತು ಎರಡು ಸೇರು ಹಾಲು ಹೆಚ್ಚಿಗೆ ಕೊಟ್ಟಿತು ಎಂದಳು. "ಚಲೋ ಆತಲ್ಲವ್ವ, ಹಿಂಡಿ ಹಾಕಿದ್ದಿ ಅಂತ ಕಾಣ್ತೈತಿ" ಎಂದು ಪಕ್ಕದವಳು ಕೊಡ ಎತ್ತಿಕೊಂಡು ಹೋದಳು. ಆ ಸುಳ್ಳು ಬಾವಿಯ ಹಗ್ಗದಷ್ಟೂ ದೂರ ಹೋಗಲಿಲ್ಲ. ಎಂಟನೆಯ ದಿನ, ನಮ್ಮ ಮಾವನಿಗೆ ಮಾತು ಬಂತು ಎಂದಳು. ಅದು ಹಾರಿತು. ಆದರೆ ಊರು ದಾಟುವ ಬದಲು ಊರೇ ಮನೆಗೆ ಬಂತು. ಪಡಸಾಲೆಯ ತುಂಬ ನಿಂತ ಜನರೆದುರು ಅಡಿವೆಪ್ಪ ಬಾಯಿ ಓರೆ ಮಾಡಿಕೊಂಡು ಜೊಲ್ಲು ಸುರಿಸುತ್ತ ಕೂತಿದ್ದ. ಬಾಳವ್ವ ಬಾಗಿಲ ಮರೆಯಲ್ಲಿ ಅಳುತ್ತ, ಬಂದಿಲ್ಲ, ನಾನು ಸುಮ್ಮನೆ ಅಂದೆ ಎಂದುಬಿಟ್ಟಳು. ಪಾಪ, ಮಾವನ ಮೇಲಿನ ಅಕ್ಕರೆಗೆ ಹಂಬಲಿಸಿ ಅಂದಿದ್ದಾಳೆ ಎಂದು ಜನ ಕಣ್ಣೊರೆಸಿಕೊಂಡು ಹೋದರು. ಅದನ್ನೂ ಅವರು ಸುಳ್ಳೆಂದು ಎಣಿಸಲಿಲ್ಲ! ಅಡಿವೆಪ್ಪ ಎಡಗೈಯಿಂದ ಹಣೆ ಹಣೆ ಬಡಿದುಕೊಂಡ. ಒಂದು ಕಾಲದಲ್ಲಿ ಕಲ್ಲುಬಸವನನ್ನು ಮೇಯಲು ಬಿಟ್ಟವನು ಇನ್ನೇನು ಮಾಡಿಯಾನು?

ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಬಾಳವ್ವ ಮಡುವಿನ ನೀರಿಗೆಂದು ಗುಡ್ಡ ಹತ್ತಿದಳು. ನೀರು ಹಳೆಯದಾಗಿರಬಹುದು, ಹೊಸ ನೀರಿಗಾದರೂ ಗುಡಾಣ ಏಳಲಿ ಎಂಬ ಆಸೆ. ನೀಲಿ ಗಿಡ ಆಗ ತುಂಬು ಬಸುರಿಯಂತೆ ಬೆಳೆದಿತ್ತು. ಬಗ್ಗಿ ಕೊಡ ತುಂಬುವಾಗ ಗಾಳಿ ಎದ್ದು ಗಿಡಗಳ ಮೇಲಿಂದ ಹಾದುಹೋಯಿತು. ಒಳಗೆ ಯಾವುದೋ ದೊಡ್ಡ ಮೈ ಮಗ್ಗುಲು ಬದಲಿಸಿದಂತೆ ಇಳಿಜಾರೆಲ್ಲ ಏರಿ ಇಳಿಯಿತು. ಬಾಳವ್ವನಿಗೆ ಸಣ್ಣವಳಿದ್ದಾಗ ಯಾವುದೋ ಮಠದ ಮೆರವಣಿಗೆಯಲ್ಲಿ ಕಂಡ ಆನೆಯ ಬೆನ್ನು ನೆನಪಾಯಿತು. ಕೊಡ ಅಲ್ಲೇ ಬಿಟ್ಟು ಇಳಿದಳು. ಬುಡದಲ್ಲಿ ಕುರಿ ಕಾಯುತ್ತಿದ್ದ ಹೆಂಗಸರು, "ಯಾಕ ಬಾಳವ್ವ, ಮಾರಿ ಹಿಂಗ್ಯಾಕ ಬೆಳ್ಳಗಾಗೈತಿ?" ಎಂದರು.

"ಮಡುವಿನ ಹತ್ರ ಆನಿ ಈದೈತಿ."

"ಏನಂದಿ?"

"ಆನಿ. ಮರಿ ಐತಿ. ನಾ ನೋಡಿದೆ."

ಬೇರೆ ಯಾರು ಹೇಳಿದ್ದರೂ ಆ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಹೇಳಿದವಳು ಸೀಮೆ ನಡೆಯುವವರ ಮಗಳು. ಕುರಿಗಳನ್ನು ಬಿಟ್ಟು ಓಡಿದರು. ಸಂಜೆಗೆ ಸಂಗಳಗಿಯಲ್ಲಿ ಅದು ಒಂದು ಆನೆ, ಒಂದು ಮರಿ. ಮರುದಿನ ಪಕ್ಕದೂರಿನಲ್ಲಿ ಎರಡು ಮರಿ. ಹೊಳೆ ದಾಟುವಾಗ ಆನೆ ಬೆಳ್ಳಗಾಯಿತು. ಸಂತೆಯಲ್ಲಿ ಮರಿಗಳಿಗೆ ಕೊಂಬು ಮೂಡಿದವು. ಸೊಂಡಿಲಿನಿಂದ ಮಡುವಿನ ನೀರು ಎತ್ತಿ ಕುರುಡನ ಮೇಲೆ ಚಿಮ್ಮಿಸಿದಾಗ ಕಣ್ಣು ಬಂದಿತೆಂದೂ ಆಯಿತು. ಆ ಕುರುಡನ ಹೆಸರು, ಅವನ ಮಾವನ ಊರು ಸಹಿತ ಹೇಳುತ್ತಿದ್ದರಂತೆ. ಅಡಿವೆಪ್ಪನ ಜೀವಮಾನದ ಸುಳ್ಳುಗಳನ್ನೆಲ್ಲ ಒಟ್ಟಿದರೂ ಇದರ ಕಾಲ್ಧೂಳಿಗೆ ಬರಲಾರವು.

ಅಮಾವಾಸ್ಯೆಯ ದಿನ ಬೆಳಗಾಯಿತು. ಗುಡಾಣ ಕದಲಿರಲಿಲ್ಲ. ಯಮನವ್ವ ಸೊಸೆಯ ಎರಡು ಸೀರೆ, ತಲೆ ಬಾಚುವ ಒಂದು ಹಣಿಗೆ ಗಂಟು ಕಟ್ಟಿ ಹೊಸ್ತಿಲ ಮೇಲೆ ಇಟ್ಟಳು. ಅಷ್ಟರಲ್ಲಿ ಘಟ್ಟದ ಕೆಳಗಿನಿಂದ ಉಪ್ಪಿನ ಹೇರು ತರುವವನೊಬ್ಬ ಬಾಗಿಲಿಗೆ ಬಂದು, ಉಪ್ಪು ಅಳೆಯುವ ಮೊದಲೇ ಕೇಳಿದ: "ಯವ್ವಾ, ಈ ಕಡಿ ಯಾವುದೋ ಗುಡ್ಡದಾಗ ಬಿಳಿ ಆನಿ ಅವಳಿ ಮರಿ ಹಾಕೈತಂತ, ಎಲ್ಲಿ ಬರ್ತೈತಿ ಅದು?"

ಯಮನವ್ವನ ಕೈಯ ಮೊರ ಜಾರಿತು. "ಯಾರ ಹೇಳಿದ್ರಪಾ ನಿನಗ?"

"ಮೂರು ಊರು ಹಿಂದ ಒಬ್ಬ ಕಂಬಾರ ಹೇಳಿದ. ಅವರತ್ತಿ ಕಣ್ಣಾರೆ ಕಂಡು ಬಂದಾಳಂತ."

ಒಳಗಿನಿಂದ ಒಂದು ವಿಚಿತ್ರ ಸದ್ದು ಕೇಳಿಸಿತು. ಅಡಿವೆಪ್ಪ ಅರ್ಧ ಬಾಯಲ್ಲಿ ನಗುತ್ತಿದ್ದ. ಆ ನಗೆಯ ಹಿಂದೆಯೇ ಇನ್ನೊಂದು ಸದ್ದು, ಗುಳುಗುಳು ಎಂದು. ಬಾಳವ್ವ ಓಡಿದಳು. ಗುಡಾಣದ ಬಾಯಲ್ಲಿ ತಾಮ್ರದ ಕೆನೆ ಕಟ್ಟುತ್ತಿತ್ತು. ತನ್ನ ಸೆರಗಿನ ತುದಿಯನ್ನೇ ಅದ್ದಿ ಎತ್ತಿದಳು. ಹಸಿರು. ಉಸಿರು ಹಿಡಿದು ಗಾಳಿಗೆ ಒಡ್ಡಿದಳು. ನೀಲಿ, ನೀಲಿಯೆಂದರೆ ಮಳೆ ತೊಳೆದ ಮುಗಿಲು. ಯಮನವ್ವ ಹೊಸ್ತಿಲಿಗೆ ಹೋಗಿ ಗಂಟು ಬಿಚ್ಚಿ, ಹಣಿಗೆಯನ್ನು ತಂದು ಸೊಸೆಯ ತಲೆಯಲ್ಲಿ ತಾನೇ ಸಿಗಿಸಿದಳು.

ಆದರೆ ಬಿಟ್ಟ ಸುಳ್ಳು ಮನೆಗೆ ಮರಳಿತೆಂದು ಅಲ್ಲಿಗೇ ಮಲಗುವುದೇನು? ಪಾಡ್ಯದ ದಿನ ನಾಡಗೌಡ ವೆಂಕನಗೌಡ ನಲವತ್ತು ತಲೆಹೊರೆ ಕಬ್ಬು, ತೋಳು ದಪ್ಪದ ಹಗ್ಗ, ಹಲಗೆ ಬಾರಿಸುವವರು, ಏಳು ಊರಿನ ಜನ, ಇಷ್ಟನ್ನೂ ಕಟ್ಟಿಕೊಂಡು ಗುಡ್ಡದ ಬುಡಕ್ಕೆ ಬಂದು ಇಳಿದ. ಮರಿಯಾನೆಯನ್ನು ಕೋಟೆಯ ದೊರೆಗೆ ಕಾಣಿಕೆ ಕೊಡುತ್ತೇನೆಂದು ಆಗಲೇ ಓಲೆ ಕಳಿಸಿದ್ದ. ಆನೆ ಕಂಡವಳನ್ನು ಕರೆಸಿದರು. ಗುಡಾಣ ತಿರುಗಿದೆ, ಇನ್ನು ಈ ಸುಳ್ಳು ನನಗೆ ಬೇಡ, ಇಲ್ಲೇ ಇಳಿಸಿಬಿಡುತ್ತೇನೆ ಎಂದುಕೊಂಡಳು ಬಾಳವ್ವ.

"ಗೌಡ್ರ, ಆನಿ ಇಲ್ರಿ. ನಾ ಸುಳ್ಳು ಹೇಳೀನಿ."

ಜನರ ಹಿಂದಿನಿಂದ ಒಬ್ಬ ನಕ್ಕ, ನಗೆ ಎಲ್ಲರಿಗೂ ಹತ್ತಿತು. ಬಾಳವ್ವ ಸುಳ್ಳು ಹೇಳುವುದೆಂದರೇನು! ಗೌಡ ಕೈ ಎತ್ತಿದ. "ಕೆಂಚರಹಾಳದ ಸೀಮಿ ನಡಿಯೋರ ಮಗಳಲ್ಲೇನವ್ವ ನೀನು? ನೀ ಸುಳ್ಳು ಹೇಳಾಕಿ ಆದ್ರ, ನಿಮ್ಮಪ್ಪ ನಡದ ಸೀಮಿನೂ ಸುಳ್ಳು. ಇವತ್ತ ಏಳೂ ಊರಿನ ಗಡಿ ಕಲ್ಲು ಕಿತ್ತಸ್ತೀನಿ. ಹೇಳು, ಸುಳ್ಳು ಹೇಳಿದ್ಯೋ?"

ಬಾಳವ್ವನ ಬಾಯಿ ತೆರೆಯಿತು. ಹೌದೆಂದರೆ ಅಪ್ಪನ ಮನೆಯ ಬಾಗಿಲು ಇವತ್ತೇ ಮುಚ್ಚುತ್ತದೆ. ಸುಳ್ಳುಗಾತಿಯನ್ನು ಅತ್ತೆಯ ಕೇರಿಯೂ ಗೌಡನ ಸಿಟ್ಟಿನಿಂದ ಕಾಯಲಾರದು. ತಲೆಯ ಮೇಲೆ ಸೂರೇ ಇಲ್ಲದಂತಾಗುತ್ತದೆ. ಬಾಯಿ ಹಾಗೇ ಮುಚ್ಚಿತು. "ಬಾಣಂತಿ ಆನಿಗೆ ಕಣ್ಣು ತಾಗಬಾರದಂತ ಮುಚ್ಚಿಡಾಕತ್ಯಾಳ್ರಿ" ಎಂದಳು ಕುರಿ ಕಾಯುವ ಮುದುಕಿ. ಗೌಡನಿಗೆ ಅದು ಬಹಳ ಸರಿಕಂಡಿತು. ಅಪ್ಪಣೆ ಮಾಡಿದ: ಬಾಣಂತಿಯನ್ನು ಬೆದರಿಸಬಾರದು. ಈ ಗುಡ್ಡದಲ್ಲಿ ಯಾರೂ ಗಿಡ ಕಡಿಯಬಾರದು, ದನ ಬಿಡಬಾರದು, ಹತ್ತಲೂಬಾರದು. ಆನೆ ಗುರುತು ಹಿಡಿದ ಈ ಹೆಣ್ಣೊಬ್ಬಳು ಹೋಗಿ ಕಬ್ಬು ಇಟ್ಟು ಬರಲಿ. ಹೋಳಿ ಹುಣ್ಣಿಮೆಗೆ ಗುಡ್ಡದ ಎಲೆಯೆಲ್ಲ ಉದುರಿರುತ್ತದೆ, ಆಗ ತಾಯಿ ಮರಿ ಎರಡೂ ತಾವಾಗಿಯೇ ಕಾಣುತ್ತವೆ. "ಕಾಣಲಿಲ್ಲಂದ್ರ?" ಎಂದು ಯಾರೋ ಕೇಳಿದರು. ಗೌಡ ಬಾಳವ್ವನನ್ನು ನೋಡಿದ. "ಕಾಣ್ತಾವು" ಎಂದ.

ಆಮೇಲಿನ ನಾಲ್ಕು ತಿಂಗಳು ಬಾಳವ್ವ ಕೂತದ್ದನ್ನು ಕಂಡವರಿಲ್ಲ ಎನ್ನುತ್ತಾರೆ. ದಿನಾ ಮಧ್ಯಾಹ್ನ ಕಬ್ಬು ಹೊತ್ತು ಹತ್ತುವಳು, ಮೊಲಗಳಿಗೆ ಹಾಕಿ ಇಳಿಯುವಳು. ಪುಷ್ಯದಲ್ಲಿ ಗಿಡದ ಕೆಳಗಿನ ಎಲೆ ಹಳದಿಯಾದವು. ಉದುರಿದ ಎಲೆಗಳನ್ನು ಕಂಡರೆ ತನ್ನ ತಲೆಗೂದಲೇ ಉದುರಿದಂತೆ ಬೆಚ್ಚುವಳು. ಒಂದು ದಿನ ಬುದ್ಧಿ ಕೆಟ್ಟು, ಉದುರಿದ್ದನ್ನು ಮತ್ತೆ ಗಿಡಗಳ ಕವಲಿನಲ್ಲಿ ಸಿಗಿಸುತ್ತ ಹೊತ್ತು ಮುಳುಗಿಸಿದಳಂತೆ. ಒಂದು ಗಾಳಿ ಬಂದು ಅಷ್ಟನ್ನೂ ಒಯ್ದಿತು. ಎಲೆ ತೆಳುವಾಗುತ್ತ ಬಂದಂತೆ, ಅದುವರೆಗೂ ಗಿಡದೊಳಗೆ ಮುಳುಗಿದ್ದ ಎರಡು ಬಂಡೆ ಮಡುವಿನ ಪಕ್ಕದಲ್ಲಿ ತಲೆ ತೋರಿಸಿದವು. ಒಂದು ಬಂಡಿಯಷ್ಟು ದೊಡ್ಡದು, ಇನ್ನೊಂದು ಅದರ ಮಗ್ಗುಲಿಗೆ ಒತ್ತಿಕೊಂಡ ಸಣ್ಣದು. ಎರಡೂ ಬಿಸಿಲಿಗೆ ಬೆಳ್ಳಗೆ, ಬರೀ ಕಲ್ಲು. ಅವನ್ನು ಕಂಡ ದಿನ ಮನೆಗೆ ಬಂದು ಗುಡಾಣದ ಪಕ್ಕ ನಿಂತು, ಮೊದಲ ಸಲ ಮಾವನೆದುರು ಬಾಯಿಬಿಟ್ಟಳು: "ಮಾವಾ, ಎಲ್ಲಾ ಉದುರಾಕತ್ತೈತಿ. ಅಲ್ಲಿ ಎರಡು ಕಲ್ಲದಾವು, ಅಷ್ಟ. ಏನ್ ಮಾಡಲಿ?"

ಅಡಿವೆಪ್ಪ ಒರಗಿಕೊಂಡೇ ತೆವಳಿ, ಎಡಗೈಯನ್ನು ಗುಡಾಣದಲ್ಲಿ ಅದ್ದಿ, ಸುಣ್ಣ ಬಳಿದ ಗೋಡೆಗೆ ಅಂಗೈ ಒತ್ತಿದ. ಹಸಿರು ಅಂಗೈ ಮೂಡಿತು. ಇಬ್ಬರೂ ನೋಡುತ್ತಿದ್ದಂತೆ ಅದು ನೀಲಿಯಾಯಿತು, ಒಣಗುತ್ತ ಕಪ್ಪಿಗೆ ತಿರುಗಿತು, ಆನೆಯ ಚರ್ಮದ ಕಪ್ಪಿಗೆ.

ಮರುದಿನದಿಂದ ಕಬ್ಬಿನ ಹೊರೆಯೊಳಗೆ ಒಂದು ಕೊಡ ಸುಣ್ಣದ ತಿಳಿ, ಒಂದು ಕೊಡ ಗುಡಾಣದ ಗಸಿ. ಹಗಲು ಹೊತ್ತಿನಲ್ಲೇ, ಯಾರೂ ಹತ್ತಬಾರದ ಗುಡ್ಡದಲ್ಲಿ, ಸುಳ್ಳು ಹೇಳಲು ಬಾರದ ಹೆಣ್ಣು ಕೈಯಾರೆ ಸುಳ್ಳು ಬಳಿಯುತ್ತಿದ್ದಳು. ಮೊದಲು ಸುಣ್ಣ, ಮೇಲೆ ನೀಲಿ, ಒಣಗಿದ ಮೇಲೆ ಮತ್ತೆ ನೀಲಿ. ನಲವತ್ತೊಂದು ಸಲ ಬಳಿದಳು ಎನ್ನುತ್ತಾರೆ. ಹೋಳಿಗೆ ಎರಡು ದಿನ ಇದ್ದಾಗ ಅಡಿವೆಪ್ಪ ತೀರಿಕೊಂಡ. ಅವನ ಎಡಗೈ ಮೊಣಕೈಯವರೆಗೆ ನೀಲಿಯಾಗಿಯೇ ಇತ್ತು.

ಹೋಳಿ ಹುಣ್ಣಿಮೆಯ ಬೆಳಗ್ಗೆ ಗೌಡ ಬಂದ, ಹಿಂದೆ ಜನಸಾಗರ. ಗುಡ್ಡ ಬೋಳು. ಒಣಕಡ್ಡಿಗಳ ನಡುವೆ, ಮಡುವಿನ ದಂಡೆಯಲ್ಲಿ, ಕಾಲು ಮಡಚಿ ಮಲಗಿದ ಕರಿನೀಲಿ ತಾಯಿ. ಅದರ ಹೊಟ್ಟೆಗೆ ಒತ್ತಿಕೊಂಡ ಮರಿ. ಜನ ಹೋ ಎಂದು ಕೂಗಿದರು. ವರ್ಷ ವರ್ಷ ಅಲ್ಲಿ ಕಾಣುತ್ತಿದ್ದ ಎರಡು ಬಿಳಿ ಬಂಡೆ ಆ ದಿನ ಒಬ್ಬರಿಗೂ ನೆನಪಾಗಲಿಲ್ಲ. ಅದು ಅಲುಗಲಿಲ್ಲ. ಗೌಡ ಹಗ್ಗದವರನ್ನು ನಿಲ್ಲಿಸಿ, ಬಾಳವ್ವನನ್ನು ಮಾತ್ರ ಕರೆದುಕೊಂಡು ಮೇಲೆ ಹೋದ. ತಾಯಿಯ ಬೆನ್ನಿನ ಮೇಲೆ ಬಲ ಅಂಗೈ ಇಟ್ಟ. ತಣ್ಣಗಿತ್ತು, ಇನ್ನೂ ಹಸಿ ಇತ್ತು. ಕೈ ತೆಗೆದು ನೋಡಿಕೊಂಡ. ಒಳಪದರದ ಹಸಿ ಹತ್ತಿ ಅಂಗೈ ಹಸಿರು. ನೋಡುತ್ತಿದ್ದಂತೆ ನೀಲಿಯಾಯಿತು. ಅವನ ಕಣ್ಣು ಆ ಅಂಗೈಯಿಂದ ಬಾಳವ್ವನ ಎರಡು ಕೈಗಳ ಕಡೆಗೆ, ಅಲ್ಲಿಂದ ಕೆಳಗೆ ಕಾದು ನಿಂತ ಏಳು ಊರುಗಳ ಕಡೆಗೆ ಹೋಯಿತು. ಕೋಟೆಗೆ ಕಳಿಸಿದ ಓಲೆಯೂ ನೆನಪಾಗಿರಬೇಕು.

"ಎಷ್ಟು ಸಲ ಬಳದಿ?" ಎಂದ ಮೆಲ್ಲಗೆ.

"ನಲವತ್ತೊಂದ್ರಿ."

ಗೌಡ ಬಲಗೈಯನ್ನು ಶಲ್ಯದೊಳಗೆ ಸೇರಿಸಿಕೊಂಡು ಜನರ ಕಡೆ ತಿರುಗಿದ. "ತಾಯಿ ಕಲ್ಲಾಗ್ಯಾಳ್ರಪ್ಪೋ! ಗುಡ್ಡ ಬೋಳಾತು, ನಾವು ನೋಡತೀವಂತ ನಾಚಿ ಮರಿ ಸಮೇತ ಕಲ್ಲಾಗ್ಯಾಳ. ಕಬ್ಬು ಇಡ್ರಿ, ಕಾಯಿ ಒಡೀರಿ. ಈ ಗುಡ್ಡದ ನೀಲಿ ಗಿಡ ಇನ್ನ ಮ್ಯಾಲ ಈಕಿ ಕೇರಿಯವರನ್ನ ಬಿಟ್ಟು ಬ್ಯಾರೆ ಯಾರೂ ಮುಟ್ಟಬಾರದು."

ಹೀಗೆ ಆ ಸುಳ್ಳು ಗೌಡನದೂ ಆಯಿತು. ಅಂಗೈ ಕಂಡವರಿಗೆ ಅವನು ಹೋಳಿಯ ಬಣ್ಣ ಎಂದ. ಹೋಳಿಯ ಬಣ್ಣ ಎರಡು ದಿನಕ್ಕೆ ಹೋಗುತ್ತದೆ. ಸಂಗಳಗಿಯ ನೀಲಿ ಹೋಗುತ್ತದೆಯೇ? ಯುಗಾದಿ ಕಳೆದರೂ ಗೌಡ ಶಲ್ಯ ಹೊದ್ದೇ ಉಣ್ಣುತ್ತಿದ್ದ ಎನ್ನುತ್ತಾರೆ. ಈರಪ್ಪ ಯುಗಾದಿಗೆ ಮರಳಿದಾಗ, ದಾರಿಯುದ್ದಕ್ಕೂ ಕೇಳಿದ ಆನೆಯ ಕಥೆಯನ್ನು ಹೆಂಡತಿಗೇ ಬಾಯಿ ತುಂಬ ಹೇಳಿದನಂತೆ. ಆಕೆ ಹೌದೇನು ಎಂದು ಕೇಳಿಸಿಕೊಂಡಳು. ಆ ಹೊತ್ತಿಗೆ ಗುಡಾಣ ಇನ್ನೊಮ್ಮೆ ಗುಳುಗುಳು ಎಂದಿತು. ತವರಿನ ಬಾಗಿಲೂ ಮುಚ್ಚಲಿಲ್ಲ, ಅತ್ತೆಯ ಬಾಗಿಲೂ ಮುಚ್ಚಲಿಲ್ಲ. ಆದರೆ ಸಾಯುವ ತನಕ, ಗಾಳಿ ಎದ್ದು ಗುಡ್ಡದ ಗಿಡ ಅಲುಗಿದಾಗಲೆಲ್ಲ ಬಾಳವ್ವ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದಳು, ಎಲ್ಲಿ ನಿಜವಾಗಿಯೂ ಎದ್ದು ಬರುತ್ತದೆಯೋ ಎಂಬಂತೆ.

ಈಗ ಕೇರಿಯಲ್ಲಿ ಗುಡಾಣಗಳಿಲ್ಲ. ಅಡಿವೆಪ್ಪನ ಮನೆಯಿದ್ದ ಜಾಗದಲ್ಲಿ ಒಂದು ತಗ್ಗು ಉಳಿದಿದೆ, ಮಳೆಗಾಲದಲ್ಲಿ ಕಪ್ಪೆ ಕೂಗುತ್ತವೆ. ಗುಡ್ಡದ ಮೇಲೆ ನೀಲಿ ಗಿಡ ಮಾತ್ರ ಆಗಿನಂತೆಯೇ ಹಬ್ಬಿದೆ. ಇಂದಿಗೂ ಅದಕ್ಕೆ ಕುಡುಗೋಲು ಹಾಕುವವರಿಲ್ಲ. ಮಡುವಿನ ದಂಡೆಯ ಎರಡು ಬಂಡೆಗಳನ್ನು ನೋಡಬೇಕಾದರೆ ಎಲೆ ಉದುರಿದ ಮೇಲೆ ಹೋಗಬೇಕು. ಮಳೆ ಬಿದ್ದು ನೆಂದ ದಿನ ಅವುಗಳ ಮೈಯಲ್ಲಿ ಎಲ್ಲೋ ಆಳದಿಂದ ನೀಲಿ ಏಳುತ್ತದೆ, ಬಿಸಿಲು ಬಿದ್ದರೆ ಮತ್ತೆ ಒಳಗೆ ಹೋಗುತ್ತದೆ. ಹೋಳಿಯ ದಿನ ಕಬ್ಬಿನ ತುಂಡು ಇಟ್ಟು, ತಾಯಿಯ ಬೆನ್ನಿನ ಮೇಲೆ ಬಲ ಅಂಗೈ ಒತ್ತುವುದು ವಾಡಿಕೆ. ಒತ್ತಿದವರೆಲ್ಲ ಒಂದು ಗಳಿಗೆ ಅಂಗೈ ನೋಡಿಕೊಳ್ಳುತ್ತಾರೆ, ಆಮೇಲೆ ಯಾರೂ ಹೇಳಿಕೊಡದೆಯೇ ಅದನ್ನು ಸೆರಗಿನಲ್ಲೋ ಜೇಬಿನಲ್ಲೋ ಸೇರಿಸಿಕೊಂಡು ಇಳಿಯುತ್ತಾರೆ. ಕೆಳಗೆ ಚಹದಂಗಡಿಯವನು, "ಬಣ್ಣ ಹತ್ತಿತೇನ್ರಿ?" ಎಂದು ಕೇಳುತ್ತಾನೆ. ಹತ್ತಲಿಲ್ಲ ಎಂದವರು ಇಷ್ಟು ವರ್ಷಗಳಲ್ಲಿ ಒಬ್ಬರೂ ಇಲ್ಲ. ಅಂಗೈ ಬಿಚ್ಚಿ ತೋರಿಸಿದವರೂ ಇಲ್ಲ.